ಕೊನೆಯ ಎಂಟು ಪುಟ

"ಗುರುಗಳೇ, ಕೆಲಸ ಉಳಿದರೆ ಸಾಕು, ನಾನು ಉಳಿಯದಿದ್ದರೂ ಚಿಂತೆಯಿಲ್ಲ ಎಂದು ಬಹಳ ಜನ ಹೇಳುತ್ತಾರೆ. ಹಾಗೆ ನಡೆದುಕೊಂಡವರನ್ನು ನೀವು ಬಲ್ಲಿರಾ?" ಎಂದು ಶಿಷ್ಯ ಕೇಳಿದ.

"ಒಬ್ಬಳನ್ನು ಬಲ್ಲೆ" ಎಂದರು ಗುರುಗಳು. "ಅವಳು ಮಠದವಳಲ್ಲ. ಕಚೇರಿಗೆ ಹೋಗಿ ಬರುವ ಹೆಂಗಸು." ಹೀಗೆಂದು ಅವರು ಈ ಕತೆಯನ್ನು ಹೇಳಿದರು.

ಮಲಪ್ರಭೆಯ ದಂಡೆಯ ಒಂದು ಊರಿನಲ್ಲಿ ಮಹಾನಂದಾ ಎಂಬುವಳಿದ್ದಳು. ಜಮೀನು ಅಳೆಯುವ ಕಚೇರಿಯಲ್ಲಿ ನಕ್ಷೆ ಬರೆಯುವುದು ಅವಳ ಕೆಲಸ. ಹಗಲು ಊರವರ ಹೊಲದ ಗಡಿಗಳನ್ನು ಬರೆಯುವಳು. ಸಂಜೆ ಮನೆಗೆ ಬಂದು, ಅದೇ ಕೈಯಿಂದ, ಯಾರೂ ಕಾಣದ ಲೋಕಗಳನ್ನು ಬರೆಯುವಳು. ಹೀಗೆ ಎರಡು ವರ್ಷ ಕೂತು ಎಂಟು ಪುಟದ ಒಂದು ಚಿತ್ರಕತೆ ಮಾಡಿದಳು. ದೂರದ ಗ್ರಹವೊಂದಕ್ಕೆ ಜಮೀನು ಅಳೆಯಲು ಹೋದವಳ ಕತೆ ಅದು. ಆ ಗ್ರಹದ ನೆಲ ಉಸಿರಾಡುತ್ತದೆ. ಇವತ್ತು ಹಾಕಿದ ಗಡಿ ನಾಳೆ ಅಲ್ಲಿರುವುದಿಲ್ಲ.

ಅವಳು ಆ ಪುಟಗಳನ್ನು ಹೆಸರಾಂತ ಪ್ರಕಾಶಕನೊಬ್ಬನಿಗೆ ತೋರಿಸಿದಳು. ಅವನು ಮರ್ಯಾದೆಯಿಂದಲೇ ನೋಡಿದ. "ಚಿತ್ರಕತೆ ಮಕ್ಕಳದು, ವಿಜ್ಞಾನ ಮಾಸ್ತರರದು. ಎರಡನ್ನೂ ಕೂಡಿಸಿ ದೊಡ್ಡವರ ಕೈಗೆ ಕೊಟ್ಟರೆ ಯಾರು ಓದುತ್ತಾರಮ್ಮ?" ಎಂದ.

ಮಹಾನಂದಾ ಬಸ್ಸು ಹತ್ತಿ ಊರಿಗೆ ಬಂದಳು. ದಾರಿಯುದ್ದಕ್ಕೂ ಅವನ ಮಾತೇ ಕಿವಿಯಲ್ಲಿತ್ತು. ತನ್ನಂಥವರು ಬೇರೆ ಯಾರೂ ಇರಲಾರರೆ ಎಂದು ಅವಳು ಯೋಚಿಸಿದಳು. ಹಳೆಯ ವಾರಪತ್ರಿಕೆಗಳನ್ನು ತೆಗೆದು, ಅಲ್ಲೊಂದು ಇಲ್ಲೊಂದು ಚಿತ್ರ ಬರೆದವರ ವಿಳಾಸ ಹುಡುಕಿ ಪತ್ರ ಬರೆದಳು. "ನಾಳೆಯ ಲೋಕದ ಬಗ್ಗೆ ನಿಮ್ಮಲ್ಲಿ ಒಂದು ಕತೆ ಇದ್ದರೆ ಎಂಟು ಪುಟದಲ್ಲಿ ಬರೆದು ಕಳಿಸಿ. ಪ್ರಕಾಶಕರಿಲ್ಲ. ನಾವೇ ಅಚ್ಚು ಹಾಕೋಣ" ಎಂಬುದಷ್ಟೇ ಪತ್ರದಲ್ಲಿತ್ತು.

ಬಹಳ ಜನ ಉತ್ತರಿಸಲಿಲ್ಲ. ಉತ್ತರಿಸಿದವರಲ್ಲಿ ಆಸ್ಪತ್ರೆಯ ದಾದಿಯೊಬ್ಬಳಿದ್ದಳು, ಲೇತ್ ಯಂತ್ರದ ಕೆಲಸಗಾರನೊಬ್ಬನಿದ್ದ, ನಿವೃತ್ತ ಮಾಸ್ತರರೊಬ್ಬರಿದ್ದರು. ಒಬ್ಬೊಬ್ಬರದೂ ಒಂದೊಂದು ಅಳತೆಯ ಕಾಗದ, ಒಂದೊಂದು ಬಗೆಯ ಶಾಯಿ. ಮಹಾನಂದಾ ಎಲ್ಲವನ್ನೂ ಒಂದೇ ಅಳತೆಗೆ ತಂದಳು. ಕಾಗುಣಿತ ತಿದ್ದಿದಳು. ಮಾತುಗಳು ಚಿತ್ರದ ಮುಖ ಮುಚ್ಚಿದ ಕಡೆ ಅಕ್ಷರಗಳನ್ನು ಹೊಸದಾಗಿ ಬರೆದಳು. ದಾದಿ ನಡುವೆ ಕೈಬಿಟ್ಟಾಗ ಅವಳ ಊರಿಗೇ ಹೋಗಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಉಳಿದ ಮೂರು ಪುಟ ಬರೆಸಿಕೊಂಡು ಬಂದಳು. ಹೀಗೆ ಇನ್ನೊಂದು ವರ್ಷ ಹೋಯಿತು. ಪುಸ್ತಕ ಕೂಡಿತು. ಅದರ ಕೊನೆಯ ಎಂಟು ಪುಟಕ್ಕೆ ಅವಳು ತನ್ನ ಕತೆಯನ್ನು ಇಟ್ಟುಕೊಂಡಳು.

ಊರಿನ ಪೇಟೆಯಲ್ಲಿ ರಾಚಪ್ಪನ ಪ್ರೆಸ್ಸಿತ್ತು. ಲಗ್ನಪತ್ರಿಕೆ, ಕ್ಯಾಲೆಂಡರು ಅಚ್ಚು ಹಾಕುವ ಪ್ರೆಸ್ಸು. ಅವನ ಹತ್ತಿರ ದಪ್ಪನೆಯ ಒಳ್ಳೆಯ ಕಾಗದ ಸ್ವಲ್ಪ ಉಳಿದಿತ್ತು. ತೆಳು ಕಾಗದದಲ್ಲಾದರೆ ಕಪ್ಪು ಶಾಯಿ ಹಿಂಬದಿಗೆ ಮೂಡಿ ಚಿತ್ರ ಕೆಡುತ್ತಿತ್ತು. ಆ ಕಾಗದ ತಯಾರಿಸುತ್ತಿದ್ದ ಗಿರಣಿ ಮುಚ್ಚಿಹೋಗಿತ್ತು. ಒಂದು ಹಾಳೆ ಮಡಚಿದರೆ ಹದಿನಾರು ಪುಟ; ಅಂಥ ನಾಲ್ಕು ಹಾಳೆಗೆ ಒಂದು ಪುಸ್ತಕ. ಲೆಕ್ಕ ಹಾಕಿದರೆ ಐನೂರು ಪುಸ್ತಕಕ್ಕೆ ಸರಿಯಾಗಿ ಸಾಲುತ್ತಿತ್ತು. ಒಂದು ಪುಟವೂ ಹೆಚ್ಚಿಸುವ ಹಾಗಿರಲಿಲ್ಲ.

ಮೂರು ಹಾಳೆ ಅಚ್ಚಾದವು. ನಾಲ್ಕನೆಯ ಹಾಳೆಯ ದಿನ ಮಹಾನಂದಾ ರಜೆ ಹಾಕಿ ಪ್ರೆಸ್ಸಿಗೆ ಬಂದಿದ್ದಳು. ಆ ಹೊತ್ತಿಗೆ ಒಬ್ಬ ಮನುಷ್ಯ ಬಾಗಿಲಲ್ಲಿ ಬಂದು ನಿಂತ. ಹೆಸರು ಯಮನೂರಪ್ಪ. ರೈಲ್ವೆ ಗೇಟು ಕಾಯುವವನು.

"ಅಕ್ಕಾರ, ನಿಮ್ಮ ಪತ್ರ ಹಳೇ ಗೇಟಿಗೆ ಹೋಗಿತ್ತು. ಅಲ್ಲಿಂದ ನನ್ನ ಕೈ ಸೇರೂದ್ರಾಗ ವರ್ಷ ಆತು" ಎಂದ. "ತಡ ಆಗೈತಿ ಅಂತ ಗೊತ್ತೈತ್ರಿ. ಪುಸ್ತಕದಾಗ ಬರದಿದ್ರೂ ನಡಿತೈತಿ. ಒಮ್ಮೆ ನೋಡ್ರಿ, ಸಾಕು."

ಅವನಿಗೆ ಮಧ್ಯಾಹ್ನದ ಗಾಡಿಯ ಹೊತ್ತಿಗೆ ಗೇಟಿನ ಹತ್ತಿರ ಇರಬೇಕಾಗಿತ್ತು. ಪುಟಗಳನ್ನು ಕೊಟ್ಟು, ಕೈ ಮುಗಿದು ಹೊರಟುಹೋದ.

ಮಹಾನಂದಾ ನಿಂತಲ್ಲೇ ಓದಿದಳು. ಎಂಟು ಪುಟ. ಒಂದು ರೈಲ್ವೆ ಗೇಟು ಹಾಕಿದೆ. ನಕ್ಷತ್ರಗಳ ಕಡೆಯಿಂದ ಗಾಡಿ ಬರಲಿದೆ ಎಂದು ಸುದ್ದಿ. ಜನ ಕಾಯುತ್ತಾರೆ. ಗಾಡಿ ಬರುವುದಿಲ್ಲ. ಗೇಟಿನ ಬಳಿಯಲ್ಲೇ ಒಲೆ ಹೂಡುತ್ತಾರೆ, ಅಲ್ಲೇ ಮದುವೆಯಾಗುತ್ತಾರೆ, ಅಲ್ಲೇ ಮುದುಕರಾಗುತ್ತಾರೆ. ಕೊನೆಗೆ ಒಂದು ದಿನ ಗಾಡಿ ಬರುತ್ತದೆ. ಅದರ ಕಿಟಕಿಗಳಲ್ಲಿ ಅವರೇ ಕೂತಿದ್ದಾರೆ, ಹರೆಯದಲ್ಲಿದ್ದ ಹಾಗೆ. ಗೇಟು ಕಾಯುವವನು ಒಂದೊಂದು ಕಿಟಕಿಯಲ್ಲೂ ತನ್ನನ್ನು ಹುಡುಕುತ್ತಾನೆ. ಗಾಡಿಯಲ್ಲಿ ಅವನೊಬ್ಬನೇ ಇಲ್ಲ.

ಓದಿ ಮುಗಿಸಿದಾಗ ಮಹಾನಂದಾಗೆ ಬಂದದ್ದು ಸಿಟ್ಟು. ವರ್ಷವಿಡೀ ಇಲ್ಲದವನು ಇವತ್ತೇ ಯಾಕೆ ಬಂದ? ಅವಳು ತಪ್ಪು ಹುಡುಕಲು ತೊಡಗಿದಳು. ತಪ್ಪುಗಳು ಬೇಕಾದಷ್ಟಿದ್ದವು. ಗಾಡಿಯ ಗಾಲಿಗಳು ಒಂದರಂತೆ ಒಂದಿರಲಿಲ್ಲ. ಕಾಗುಣಿತ ಅಡ್ಡಾದಿಡ್ಡಿಯಾಗಿತ್ತು. ಆಮೇಲೆ ತನ್ನ ಪುಟಗಳನ್ನು ಪಕ್ಕಕ್ಕೆ ಇಟ್ಟುಕೊಂಡು ನೋಡಿದಳು. ಅಲ್ಲಿ ಒಂದು ಗೆರೆಯೂ ತಪ್ಪಿರಲಿಲ್ಲ. ಆದರೂ ಅವಳ ಕಣ್ಣು ಮತ್ತೆ ಮತ್ತೆ ಗೇಟಿನ ಕಡೆಗೇ ಹೋಯಿತು.

ಮಧ್ಯಾಹ್ನದ ಊಟಕ್ಕೆ ಯಂತ್ರ ನಿಂತಿತ್ತು; ನಾಲ್ಕನೆಯ ಹಾಳೆಯನ್ನು ಅದಕ್ಕೆ ಇನ್ನೂ ಏರಿಸಿರಲಿಲ್ಲ. ರಾಚಪ್ಪ ಬುತ್ತಿ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದ. ಇಷ್ಟು ದಿನ ಅಚ್ಚು ಹಾಕಿದರೂ ಅವನು ಆ ಪುಸ್ತಕದ ಒಂದು ಕತೆಯನ್ನೂ ಓದಿರಲಿಲ್ಲ. ಅದೆಲ್ಲ ಹುಡುಗರ ಆಟ ಎಂದು ಅವನ ಎಣಿಕೆ. ಮಹಾನಂದಾ ಎರಡೂ ಕತೆಗಳನ್ನು, ಯಾವುದು ಯಾರದೆಂದು ಹೇಳದೆ, ಅವನ ಮುಂದಿಟ್ಟಳು.

ಅವನು ಅವಳ ಎಂಟು ಪುಟ ತಿರುವಿದ. "ಭಾಳ ಚಂದ ಐತ್ರಿ" ಎಂದ. ಆಮೇಲೆ ಇನ್ನೊಂದನ್ನು ಎತ್ತಿಕೊಂಡ. ನಿಧಾನವಾಗಿ ಓದಿದ. ಕೊನೆಯ ಪುಟ ಮುಗಿದರೂ ಕೆಳಗಿಡಲಿಲ್ಲ. ಮತ್ತೆ ಮೊದಲ ಪುಟಕ್ಕೆ ಹೋಗಿ, ಬೆರಳಿಟ್ಟು ಏನನ್ನೋ ಹುಡುಕತೊಡಗಿದ.

"ಏನ್ ಹುಡುಕಾಕತ್ತೀರಿ?" ಎಂದು ಮಹಾನಂದಾ ಕೇಳಿದಳು.

"ಈ ಮುದುಕಿ ಇದ್ದಾಳಲ್ರಿ, ಹರೇದಾಕಿ ಇದ್ದಾಗ ಈ ಮಂದ್ಯಾಗ ಎಲ್ಲಿ ನಿಂತಿದ್ಲು ಅಂತ ನೋಡಾಕತ್ತೀನಿ" ಎಂದ ರಾಚಪ್ಪ. ಅವನು ತಲೆ ಎತ್ತಲಿಲ್ಲ.

ಮಹಾನಂದಾ ಅವನ ಬೆರಳನ್ನೇ ನೋಡುತ್ತ ಕೂತಳು. ಅವನು ಮುದುಕಿಯನ್ನು ಕಂಡುಹಿಡಿದು ಪುಟಗಳನ್ನು ಕೆಳಗಿಟ್ಟ ಮೇಲೆ ಹೇಳಿದಳು: "ಕೊನೇ ಎಂಟು ಪುಟ ತೆಗೀರಿ. ಅಲ್ಲಿ ಇದನ್ನ ಹಾಕ್ರಿ."

ರಾಚಪ್ಪನಿಗೆ ಆಗ ತಿಳಿಯಿತು. "ಅಲ್ರಿ ಬಾಯಾರ, ನಿಮ್ಮ ಕತಿ ಅಚ್ಚು ಆಗಲಿ ಅಂತನ ಅಲ್ಲೇನ್ರಿ ಇದೆಲ್ಲ ಶುರು ಆಗಿದ್ದು? ಅವರದು ಮುಂದಿನ ಪುಸ್ತಕದಾಗ ಹಾಕಿದ್ರಾತು."

"ಮುಂದಿನ ಪುಸ್ತಕ ಬರತೈತೋ ಇಲ್ಲೋ, ಯಾರಿಗೆ ಗೊತ್ತು?" ಎಂದಳು. "ಈ ಹಾಳ್ಯಾಗ ಇನ್ನೊಂದು ಕತಿ ಮಾಸ್ತರರದು, ಅದನ್ನ ತೆಗೀರಿ ಅನ್ನಾಕ ನನಗ ಬಾಯಿಲ್ಲ. ನಂದು ತೆಗೀರಿ."

ಅವಳು ಎರಡು ದಿನ ಹೆಚ್ಚಿಗೆ ರಜೆ ಹಾಕಿದಳು. ಯಮನೂರಪ್ಪನ ಕಾಗುಣಿತ ತಿದ್ದಿದಳು. ಸಣ್ಣಗಿದ್ದ ಅವನ ಅಕ್ಷರಗಳನ್ನು ತನ್ನ ನಕ್ಷೆಯ ಕೈಯಲ್ಲಿ ಹೊಸದಾಗಿ ಬರೆದಳು. ಗಾಲಿಗಳನ್ನು ಮಾತ್ರ ಮುಟ್ಟಲಿಲ್ಲ. ಪರಿವಿಡಿ ರಟ್ಟಿನ ಒಳಬದಿಗೆ ಬರುವಂಥದ್ದು, ಇನ್ನೂ ಅಚ್ಚಾಗಿರಲಿಲ್ಲ. ಅಲ್ಲಿ ತನ್ನ ಹೆಸರು ಹೊಡೆದುಹಾಕಿ ಅವನ ಹೆಸರು ಬರೆದಳು.

ಪುಸ್ತಕ ಮನೆಗೆ ಬಂದ ದಿನ ಅವಳ ಅತ್ತೆ ಅದನ್ನು ಮುಂದಿನಿಂದ ಹಿಂದಿನವರೆಗೆ ಎರಡು ಸಲ ತಿರುವಿದರು. "ನಿಂದು ಎಲ್ಲೈತಿ ಮಹಾನಂದಾ?" ಎಂದು ಕೇಳಿದರು. ಅವಳು "ಜಾಗ ಸಾಲಲಿಲ್ರಿ ಅತ್ತಿ" ಎಂದು ಹೇಳಿ ಅಡುಗೆಮನೆಗೆ ಹೋದಳು. ತುಸು ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಎಷ್ಟೋ ತಿಂಗಳು ಅವಳು ತನ್ನ ಪುಟಗಳಿದ್ದ ಪೆಟ್ಟಿಗೆಯನ್ನು ತೆರೆಯಲಿಲ್ಲ.

ಪುಸ್ತಕ ಮೊದಮೊದಲು ನಿಧಾನವಾಗಿ ಹೋಯಿತು. ಬಸ್ ನಿಲ್ದಾಣದ ಅಂಗಡಿ, ಎರಡು ಗ್ರಂಥಾಲಯ, ಒಂದಷ್ಟು ಶಾಲೆ. ಆಮೇಲೆ ಪತ್ರಗಳು ಬರತೊಡಗಿದವು. ಬರೆದವರೆಲ್ಲ ಗೇಟಿನ ಕತೆಯನ್ನೇ ಕೇಳಿದರು. ಆ ನೆಪದಲ್ಲಿ ದಾದಿಯ ಕತೆಯನ್ನೂ ಮಾಸ್ತರರ ಕತೆಯನ್ನೂ ಓದಿದರು. ಐನೂರು ಪ್ರತಿಯೂ ಮುಗಿದವು.

ಒಂದು ಸಲ ಮಹಾನಂದಾ ಕಚೇರಿಯ ಕೆಲಸದ ಮೇಲೆ ಹೋಗುವಾಗ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಅದು ಯಮನೂರಪ್ಪನ ಗೇಟು. ಅವನು ಒಂದು ಪ್ರತಿಯನ್ನು ದಾರ ಕಟ್ಟಿ ಕಂಬಕ್ಕೆ ತೂಗುಹಾಕಿದ್ದ. ಲಾರಿಯ ಚಾಲಕನೊಬ್ಬ ಇಳಿದುಬಂದು ಅದನ್ನು ಓದುತ್ತ ನಿಂತಿದ್ದ. ಗಾಡಿ ಹೋಯಿತು, ಗೇಟು ತೆರೆಯಿತು, ಹಿಂದಿನವರು ಹಾರ್ನು ಹೊಡೆದರು. "ತಡೀರೋ ಮಾರಾಯ್ರ, ಇನ್ನ ಎರಡು ಪುಟ ಅದಾವ!" ಎಂದು ಅವನು ಕೂಗಿದ.

ಮಹಾನಂದಾ ಬಸ್ಸಿನ ಕಿಟಕಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇಳಿದು ಹೋಗಿ ತಾನು ಯಾರೆಂದು ಹೇಳಲಿಲ್ಲ. ಆ ವಾರವೇ ಪೆಟ್ಟಿಗೆ ತೆರೆದು, ಉಸಿರಾಡುವ ನೆಲದ ಕತೆಯನ್ನು ಮೊದಲ ಪುಟದಿಂದ ಮತ್ತೆ ಬರೆಯಲು ಕೂತಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮನಸ್ಸು ತುಂಬಿ ಬಂದಿತ್ತು. "ಗುರುಗಳೇ, ಮೂರು ವರ್ಷದ ಕನಸನ್ನು ತನ್ನ ಕೈಯಾರೆ ತೆಗೆದಳಲ್ಲ! ಅಷ್ಟು ದೊಡ್ಡ ತ್ಯಾಗದ ಗುರುತು ಆ ಪುಸ್ತಕದಲ್ಲಿ ಎಲ್ಲಾದರೂ ಇದೆಯೆ?" ಎಂದು ಕೇಳಿದ.

"ಇದೆ, ನೀನು ತ್ಯಾಗ ಎನ್ನುವುದನ್ನು ಅಲ್ಲಿ ಅವಳ ಹೆಸರಿನ ಮೇಲೆ 'ಸಂಪಾದನೆ' ಎಂದು ಅಚ್ಚು ಹಾಕಿದ್ದಾರೆ" ಎಂದರು ಗುರುಗಳು.