ಒಂಬತ್ತನೆಯ ಹುಣಸೆಬೀಜ

ಲೋಕಸಭೆ ಚುನಾವಣೆಗೆ ಇನ್ನು ಮೂರೇ ದಿನವಿತ್ತು. ನದಿ ದಂಡೆಯ ಆಶ್ರಮದಲ್ಲಿ ಗುರುಗಳು ಶಿಷ್ಯ ಮಹಾಬಲನನ್ನು ಕೇಳಿದರು: "ವೋಟು ಹಾಕೋಕೆ ಬರ್ತೀಯೇನಪ್ಪ?"

"ನಾನ್ಯಾಕೆ ಗುರುಗಳೇ? ರಾಮರಾಜ್ಯ ಬಂದರೂ ರಾಗಿ ಬೀಸೋದು ತಪ್ಪಲ್ಲ. ಅದು ಬೇಕು, ಇದು ಬೇಕು ಅನ್ನೋದನ್ನ ಬಿಟ್ಟು ಎಷ್ಟು ವರ್ಷವಾಯ್ತು! ವಿರಾಗಿ ನಾನು."

ಮಹಾಬಲ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ಹಾಸಿದ್ದರಲ್ಲಿ ಮಲಗುತ್ತಿದ್ದ. ಆದರೆ ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಅದೊಂದೇ ತಾಪತ್ರಯ.

ಗುರುಗಳು ವಾದ ಮಾಡಲಿಲ್ಲ. "ಹೋಗಲಿ, ಚುನಾವಣೆ ಅಂದ್ರೆ ಏನು ಅಂತ ಆಶ್ರಮದ ಮಕ್ಕಳಿಗಾದರೂ ಹೇಳಿಕೊಡು" ಅಂದರು.

ಮಹಾಬಲ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಗಂಟಲು ಸರಿಮಾಡಿಕೊಂಡ. "ದೇಶವನ್ನು ಕ್ಷೇತ್ರಗಳಾಗಿ ವಿಂಗಡಿಸಲಾಗಿದೆ. ಅವುಗಳ ಸಂಖ್ಯೆ..."

ಮಕ್ಕಳು ತೂಕಡಿಸತೊಡಗಿದರು.

ಗುರುಗಳಿಗೆ ನಗು ತಡೆಯಲಿಲ್ಲ. "ಏಳ್ರೋ! ನಾಳೆಯಿಂದ ಒಂದು ತಿಂಗಳು ಸ್ನಾನ ಎಲ್ಲಿ? ಮೆಟ್ಟಿಲ ಕಡೆಯೋ, ಮರಳ ಕಡೆಯೋ? ನೀವೇ ತೀರ್ಮಾನ ಮಾಡಿ."

ನಿದ್ದೆ ಎತ್ತಲೋ ಹಾರಿಹೋಯಿತು. ಮೆಟ್ಟಿಲ ಕಡೆ ನೀರು ಆಳ, ಧುಮುಕಬಹುದು. ಮರಳ ಕಡೆ ಮೊಣಕಾಲುದ್ದ ನೀರು. ಆರು ವರ್ಷದ ಹೊನ್ನಿಗೆ ಆಳ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಅವಳು ಬಂದು ಮಹಾಬಲನ ಪಂಚೆ ಹಿಡಿದುಕೊಂಡಳು.

"ನಮ್ಮಲ್ಲಿ ಐದು ಕುಟೀರ" ಅಂದರು ಗುರುಗಳು. "ಒಂದೊಂದರಿಂದ ಒಬ್ಬೊಬ್ಬರನ್ನ ಆರಿಸಿ ಕಳಿಸಿ. ಆ ಐವರು ಕಟ್ಟೆ ಮೇಲೆ ಕೂತು ನಾಯಕನನ್ನ ಆರಿಸಲಿ. ಯಾರ ಕಡೆ ಹೆಚ್ಚು ಜನವೋ ಅವರ ಮಾತು ನಡೀಲಿ."

ದೊಡ್ಡ ಹುಡುಗ ಕರಿಬಸು ಕೇಳಿದ: "ನಾಯಕನನ್ನ ನಾವೇ ಆರಿಸಬಾರದಾ ಗುರುಗಳೇ?"

"ಇಲ್ಲಪ್ಪ. ನೀವು ನಿಮ್ಮವರನ್ನ ಕಳಿಸ್ತೀರಿ, ಅವರು ಆರಿಸ್ತಾರೆ. ದೇಶದಲ್ಲೂ ಹೀಗೇ."

ಮಹಾಬಲನ ಕುಟೀರದಲ್ಲಿ ಮೆಟ್ಟಿಲ ಪರ ಕರಿಬಸು ನಿಂತ, ಮರಳ ಪರ ಸಾವಂತ್ರಿ ನಿಂತಳು. ಕಂಬಳಿಯ ಮರೆಯಲ್ಲಿ ಎರಡು ಗಡಿಗೆ ಇಟ್ಟರು. ಒಬ್ಬೊಬ್ಬರ ಕೈಗೆ ಒಂದು ಹುಣಸೆಬೀಜ, ಹಾಕಿ ಬಂದವರ ಬೆರಳಿಗೆ ಬಸಳೆ ಹಣ್ಣಿನ ರಸ.

"ಯಾರಿಗೆ ಹಾಕಿದೆ ಅಂತ ಯಾರೂ ಕೇಳೋ ಹಾಗಿಲ್ಲ. ನಾನೂ ಕೇಳೋ ಹಾಗಿಲ್ಲ" ಅಂದರು ಗುರುಗಳು.

ಎಂಟು ಮಕ್ಕಳದೂ ಮುಗಿಯಿತು. ಗುರುಗಳು ಒಂಬತ್ತನೆಯ ಬೀಜವನ್ನು ಮಹಾಬಲನ ಮುಂದೆ ಹಿಡಿದರು. "ನೀನೂ ಈ ಕುಟೀರದವನೇ."

"ನನಗೆ ಆಳವೂ ಒಂದೇ, ಮರಳೂ ಒಂದೇ. ಬೇಡಿ ಗುರುಗಳೇ."

ಗುರುಗಳು ಬೀಜವನ್ನು ಹೊದ್ದ ವಸ್ತ್ರದ ತುದಿಗೆ ಗಂಟು ಹಾಕಿಕೊಂಡರು.

ಉಳಿದ ನಾಲ್ಕು ಕುಟೀರಗಳಲ್ಲಿ ಎರಡು ಮೆಟ್ಟಿಲಿಗೆ, ಎರಡು ಮರಳಿಗೆ. ಈಗ ಎಲ್ಲರ ಕಣ್ಣೂ ಈ ಗಡಿಗೆಗಳ ಮೇಲೆ. ಸುರಿದು ನೋಡಿದರೆ ಇದರಲ್ಲಿ ನಾಲ್ಕು, ಅದರಲ್ಲೂ ನಾಲ್ಕು!

"ಸಮ ಬಂದರೆ ದೇಶದಲ್ಲೂ ಚೀಟಿಯೇ" ಅಂದರು ಗುರುಗಳು. "ಎಲ್ಲರಿಗಿಂತ ಚಿಕ್ಕವರು ಎತ್ತಲಿ."

ಹೊನ್ನಿ ಕಣ್ಣು ಮುಚ್ಚಿ ಚೀಟಿ ಎತ್ತಿದಳು. ಕರಿಬಸು! ಅವನು ಹೋಯ್ ಅಂತ ಕೂಗಿ ಪಲ್ಟಿ ಹೊಡೆದ. ಕಟ್ಟೆ ಮೇಲೆ ಮೂವರು ಒಂದು ಕಡೆ, ಇಬ್ಬರು ಒಂದು ಕಡೆ. ಮೆಟ್ಟಿಲ ಕಡೆಯವನೇ ನಾಯಕನಾದ, ಸ್ನಾನ ಮೆಟ್ಟಿಲ ಕಡೆಗೇ ಅಂತಾಯಿತು.

ಹೊನ್ನಿ ಮಹಾಬಲನ ಕೈ ತಿರುಗಿಸಿ ನೋಡಿದಳು. "ಅಣ್ಣಾ, ನಿನ್ನ ಬೆರಳಿಗೆ ಬಣ್ಣ ಯಾಕಿಲ್ಲ?"

ಮಹಾಬಲ ಕೈಯನ್ನು ಪಂಚೆಯ ಮಡಿಕೆಯೊಳಗೆ ಮರೆಮಾಡಿಕೊಂಡ.

ಬೆಳಗಾಯಿತು. ದೊಡ್ಡ ಮಕ್ಕಳು ದುಡುಂ ದುಡುಂ ಅಂತ ಬಿದ್ದು ಈಜಾಡುತ್ತಿದ್ದರು. ಹೊನ್ನಿ ಮೇಲಿನ ಮೆಟ್ಟಿಲಲ್ಲೇ ಚೊಂಬು ಅಪ್ಪಿಕೊಂಡು ಗಳಗಳ ಅಳುತ್ತಿದ್ದಳು. ಮಹಾಬಲ ಅವಳನ್ನು ಎತ್ತಿಕೊಂಡು ಎದೆಮಟ್ಟದ ನೀರಿಗಿಳಿದ. ಅವಳು ಅವನ ಕುತ್ತಿಗೆಗೆ ಜೋತುಬಿದ್ದಳು.

"ಬಿಡಬೇಡ ಅಣ್ಣಾ! ಬಿಡಬೇಡ!"

"ಇಲ್ಲ ತಾಯಿ, ಬಿಡಲ್ಲ. ಉಸಿರಾಡೋಕಾದರೂ ಬಿಡೇ!"

ಮಗುವಿನ ಎದೆ ಡವಡವ ಬಡಿದುಕೊಳ್ಳುವುದು ಅವನ ಎದೆಗೆ ತಾಗುತ್ತಿತ್ತು. ಅವನಿಗೆ ನಾಚಿಕೆಯಾಯಿತು. ಒಂದು ಹುಣಸೆಬೀಜ ಹಾಕಿದ್ದರೆ ಸಾಕಿತ್ತಲ್ಲ.

ದಡದಲ್ಲಿ ಗುರುಗಳು ಬೇವಿನಕಡ್ಡಿ ಅಗಿಯುತ್ತಾ ಕೂತಿದ್ದರು.

"ತಪ್ಪಾಯ್ತು ಗುರುಗಳೇ! ಇನ್ನೊಂದು ಸಲ ವೋಟು ನಡೆಸಿ."

"ತಿಂಗಳು ಕಳೀಲಿ ಮಾರಾಯ. ದೇಶದಲ್ಲಾಗಿದ್ರೆ ಐದು ವರ್ಷ ಹೊತ್ಕೊಂಡು ನಿಲ್ಲಬೇಕಿತ್ತು."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮಹಾಬಲನೂ ನಕ್ಕ. ಆದರೂ ಕೇಳದೆ ಇರಲಾಗಲಿಲ್ಲ.

"ಏನೂ ಬೇಡ ಅನ್ನೋದನ್ನ ಕಲಿಸಿದ್ದು ನೀವೇ ಅಲ್ವೇ ಗುರುಗಳೇ?"

ಗುರುಗಳು ವಸ್ತ್ರದ ಗಂಟು ಬಿಚ್ಚಿದರು. ನಾಲ್ಕು ಮೆಟ್ಟಿಲು ಇಳಿದು ಬಂದು, ಬೀಜವನ್ನು ಅವನ ಒದ್ದೆ ಅಂಗೈಯಲ್ಲಿಟ್ಟರು.

"ನಿನಗೆ ಬೇಡ ಅನ್ನೋದನ್ನ ಕಲಿಸಿದ್ದು ನಾನೇ ಕಣಪ್ಪ. ಹೊನ್ನಿಗೂ ಬೇಡ ಅಂತ ಹೇಳಿಕೊಟ್ಟವರು ಯಾರು?"