ಹುಣಸಮ್ಮ ಕೇಳಿದ ಒಂದು ತೊಟ್ಟು ಹೆಪ್ಪು

ಪುಟ್ಟಿ, ಈ ಕಥೆ ನನಗೆ ಮೊದಲು ಹೇಳಿದ್ದು ನಮ್ಮ ವಾರಿಜತ್ತೆ. ಅತ್ತೆಯದು ನಿದ್ದೆಯ ಮೇಲೆ ಸಂಶೋಧನೆ. ಯಾವ ಜೀವ ಯಾವಾಗ ಮಲಗುತ್ತದೆ, ಯಾವಾಗ ಏಳುತ್ತದೆ ಎಂದು ಲ್ಯಾಬಿನಲ್ಲಿ ಕೂತು ನೋಡುವುದೇ ಕೆಲಸ. ಅದಕ್ಕಾಗಿ ಅವರೇ ನಿದ್ದೆಗೆಡುತ್ತಿದ್ದರು, ಅದು ಬೇರೆ ಮಾತು. ಒಮ್ಮೆ ರಾತ್ರಿ, ಎಲೆ ಮಡಚಿ ಮಲಗಿದ್ದ ಹುಣಸೆ ಸಸಿಯೊಂದನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದರು. ಬೆಳಗ್ಗೆ ತೆಗೆದರೆ ಎಲೆ ಬಿಚ್ಚಿಕೊಂಡಿತ್ತು.

"ಒಳಗೆಲ್ಲ ಕತ್ತಲೆ. ಬೆಳಗಾಗಿದ್ದು ಅದಕ್ಕೆ ಹೇಗೆ ಗೊತ್ತಾಯ್ತು ಅತ್ತೆ?" ಅಂದೆ.

"ಕೂತ್ಕೋ, ಹೇಳ್ತೀನಿ" ಅಂದರು.

ಲೋಕ ಇನ್ನೂ ಹೊಸದಾಗಿದ್ದಾಗ ಯಾರಿಗೂ ತಾವಾಗಿ ಮಲಗಲು ಬರುತ್ತಿರಲಿಲ್ಲ. ತಾವಾಗಿ ಏಳಲೂ ಬರುತ್ತಿರಲಿಲ್ಲ. ಸೂರ್ಯಪ್ಪನೇ ಬೆಳಗ್ಗೆ ಒಬ್ಬೊಬ್ಬರನ್ನೂ ಮುಟ್ಟಿ "ಏಳಿ" ಅನ್ನುತ್ತಿದ್ದ, ಏಳುತ್ತಿದ್ದರು. ಸಂಜೆ ಒಬ್ಬೊಬ್ಬರನ್ನೂ ಮುಟ್ಟಿ "ಮಲಗಿ" ಅನ್ನುತ್ತಿದ್ದ, ಮಲಗುತ್ತಿದ್ದರು.

ಹುಣಸಮ್ಮನಿಗೆ ಮೈತುಂಬ ಮಕ್ಕಳು. ಕಡ್ಡಿ ಕಡ್ಡಿಗೂ ಎಳೆ ಎಲೆಗಳ ಸಾಲು. ರಾತ್ರಿಯ ಚಳಿ ಅವಕ್ಕೆ ಆಗದು. "ಮಲಗಿ" ಅಂದ ಕೂಡಲೇ ಜೋಡಿ ಜೋಡಿಯಾಗಿ ಅಪ್ಪಿಕೊಂಡು ಬೆಚ್ಚಗಿರುತ್ತಿದ್ದವು.

ಒಂದು ವರ್ಷ ಮೋಡ ಕವಿಯಿತು. ಕವಿದದ್ದು ಸರಿಯಲೇ ಇಲ್ಲ. ಸೂರ್ಯಪ್ಪನ ಕೈ ಯಾರಿಗೂ ಸರಿಯಾಗಿ ಎಟುಕಲಿಲ್ಲ, ಒಬ್ಬರಿಗೆ ತಾಗಿದರೆ ಇನ್ನೊಬ್ಬರಿಗೆ ತಪ್ಪುತ್ತಿತ್ತು. ಜೇನು ಹೋದಾಗ ಹೂವು ಮಲಗಿತ್ತು, ಹೂವು ಎದ್ದಾಗ ಜೇನು ಮಲಗಿತ್ತು. ಗೂಬೆ ಹಾಡಹಗಲೇ ಬೇಟೆಗೆ ಹೊರಟು ಕಾಗೆಗಳ ಕೈಗೆ ಸಿಕ್ಕಿತು. "ಏನ್ ಗೂಬಣ್ಣ, ಬೆಳಬೆಳಗ್ಗೇನೇ ಸವಾರಿ?" ಎಂದು ಅವು ಕುಕ್ಕಿ ಕಳಿಸಿದವು.

ಹುಣಸಮ್ಮನ ಮಕ್ಕಳು ಹಗಲೂ ರಾತ್ರಿಯೂ ಬಿಚ್ಚಿಕೊಂಡೇ ನಿಂತವು. ಚಳಿ ತಾಗಿತು. ಹಳದಿಯಾದವು. ಉದುರತೊಡಗಿದವು.

"ಗಾಳಿಯಣ್ಣ, ನೀನಾದ್ರೆ ಮೋಡದಾಚೆ ಹೋಗ್ತೀಯ. ಸೂರ್ಯಪ್ಪನ್ನ ಕರ್ಕೊಂಡು ಬಾ. ನಾನೇ ಹೋಗೋಣ ಅಂದ್ರೆ ಬೇರು ಬಿಡಲ್ಲ."

ಗಾಳಿಯಣ್ಣ ಹೋದ, ಬಂದ. "ಮೋಡ ದಾಟಿ ಬರಕ್ಕಾಗಲ್ವಂತೆ ತಂಗಿ."

ಹುಣಸಮ್ಮ ಯೋಚಿಸಿದಳು. ಮನೆಯಲ್ಲಿ ಮೊಸರು ಮುಗಿದರೆ ಯಾರಾದರೂ ಪಕ್ಕದ ಮನೆಯ ಗಡಿಗೆಯನ್ನೇ ಹೊತ್ತು ತರುತ್ತಾರೆಯೆ?

"ಅವನನ್ನ ಪೂರ್ತಿ ಬಾ ಅಂದಿದ್ದೇ ನನ್ನ ತಪ್ಪು. ಒಂದು ತೊಟ್ಟು ಬೆಳಕಿನ ಹೆಪ್ಪು ಕೊಡು ಅಂತ ಕೇಳು. ಇವತ್ತಿನ ಹಗಲಿಂದ ನಾಳೆಯ ಹಗಲನ್ನ ನಾನೇ ಒಳಗೆ ಹೆಪ್ಪು ಹಾಕ್ಕೋತೀನಿ. ಬೇಗ ಹೋಗಣ್ಣ, ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡಲ್ಲ!"

ಗಾಳಿಯಣ್ಣ ಓಡಿದ. ಸೂರ್ಯಪ್ಪ ಆಗಲೇ ಹೊರಡುವ ಆತುರದಲ್ಲಿದ್ದ. ವಿಷಯ ಕೇಳಿ ನಕ್ಕ. "ಜಾಣೆ! ತಗೋ. ಹೆಪ್ಪು ಹಳೇದಾದ್ರೆ ಹುಳಿ ತಿರುಗತ್ತೆ ಅಂತ ಹೇಳು. ಮೋಡ ಸರಿದಾಗೆಲ್ಲ ಹೊಸ ಬೆಳಕು ಸೇರಿಸ್ಕೋತಾ ಇರ್ಲಿ."

ಗಾಳಿಯಣ್ಣನ ಬೊಗಸೆಯಲ್ಲಿ ಬಂದ ತೊಟ್ಟು ಹುಣಸಮ್ಮನ ಬುಡಕ್ಕೆ ಬಿತ್ತು. ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ಕಡ್ಡಿಗೆ ಏರಿತು. ಸಂಜೆಯಾಯಿತು. "ಮಲಗಿ" ಅನ್ನುವವರು ಯಾರೂ ಇಲ್ಲ. ಹುಣಸಮ್ಮ ಉಸಿರು ಬಿಗಿಹಿಡಿದು ನೋಡಿದಳು. ತುದಿಯ ಕಡ್ಡಿಯಲ್ಲಿ ಒಂದು ಎಲೆ ಬಾಗಿತು. ಅದರ ಎದುರಿನದೂ ಬಾಗಿತು. ನೋಡನೋಡುತ್ತಾ ಎಲ್ಲವೂ ಜೋಡಿ ಜೋಡಿಯಾಗಿ ಅಪ್ಪಿಕೊಂಡವು. ಆ ರಾತ್ರಿ ಒಂದೆಲೆಯೂ ಉದುರಲಿಲ್ಲ.

ಸುದ್ದಿ ಹಬ್ಬಿತು. ಜೇನು ಬಂತು, ಹೂವು ಕೇಳಿತು, ಎಲ್ಲರಿಗೂ ಹುಣಸಮ್ಮ ತೊಟ್ಟು ತೊಟ್ಟು ಹಂಚಿದಳು. ಗೂಬೆ ಮಾತ್ರ, "ನನಗೆ ತಿರುಗುಮುರುಗು ಮಾಡಿ ಕೊಡವ್ವ, ಕಾಗೆಗಳ ಸಹವಾಸ ಸಾಕು" ಅಂತು. ಹಾಗೇ ಕೊಟ್ಟಳು. ಎಲ್ಲರಿಗಿಂತ ಕೊನೆಗೆ ಆಕಳಿಸುತ್ತಾ ಬಂದವನು ಮನುಷ್ಯ. ಅವನಿಗೆ ಸಿಕ್ಕಿದ್ದು ತಳದ ತೆಳು ಹೆಪ್ಪು. ಅದಕ್ಕೇ ನಮ್ಮ ಹಗಲು ಚೂರು ತಡವಾಗಿ ಹೆಪ್ಪುಗಟ್ಟುತ್ತದೆ, ಬೆಳಗಿನ ಬಿಸಿಲು ಸೇರಿದರಷ್ಟೇ ಸರಿಹೋಗುತ್ತದೆ ಎನ್ನುತ್ತಿದ್ದರು ಅತ್ತೆ. ಲ್ಯಾಬಿನಲ್ಲೂ ಹೀಗೇ ವಿವರಿಸಿದ್ದರಂತೆ. ಯಾರೂ ನಗಲಿಲ್ಲವಂತೆ.

ಇವತ್ತು ಸಂಜೆ ಹುಣಸೆಮರದ ಕೆಳಗೆ ನಿಂತು ನೋಡು ಪುಟ್ಟಿ. ಮಳೆಯಿರಲಿ, ಮೋಡವಿರಲಿ, ಯಾರೂ ಹೇಳದೆ ಎಲೆಗಳು ಜೋಡಿ ಜೋಡಿಯಾಗಿ ಮಲಗುತ್ತವೆ. ನೋಡಿದ ಮೇಲೆ ಈ ಕಥೆಯನ್ನು ಪಕ್ಕದ ಮನೆಗೂ ಒಂದು ತೊಟ್ಟು ಕೊಟ್ಟು ಬಾ, ದೀಪ ಹಚ್ಚುವುದರೊಳಗೆ.