ಐಗಳು ಮುಳುಗಿಸಿದ ತಾವರೆ

ಹೊಳೆ ಬಾಗುವ ಕಡೆ, ಹೊಂಗೆ ಮರಗಳ ನಡುವೆ ಅಡವಯ್ಯ ಗುರುಗಳ ಆಶ್ರಮವಿತ್ತು. ಅಲ್ಲಿದ್ದ ಶಿಷ್ಯರಲ್ಲಿ ಕೇದಾರನ ಕಿವಿ ಬಲು ಚುರುಕು.

ಯಾರು ಪದ್ಯ ಓದಿದರೂ ಎಲ್ಲಿ ಎಡವಿದರೆಂದು ಅವನಿಗೆ ತಟ್ಟನೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಅವನೆದುರು ಬಾಯಿ ಬಿಡಲು ಉಳಿದವರು ಹಿಂದೆಮುಂದೆ ನೋಡುತ್ತಿದ್ದರು.

ಒಂದು ದಿನ ಊಟ ಮುಗಿಸಿ ಎಲ್ಲರೂ ನೆರಳಿನಲ್ಲಿ ಕೂತಿದ್ದಾಗ ಕೇದಾರ ಎದ್ದು ನಿಂತ. ಬೆನ್ನು ಬಾಗಿಸಿದ. ಬೊಚ್ಚುಬಾಯಿಯವರಂತೆ ತುಟಿಗಳನ್ನು ಒಳಗೆಳೆದುಕೊಂಡ.

"ಇವರು ನಮ್ಮ ಐಗಳು," ಎಂದ. "ಜಗಲಿಯ ಮೇಲೆ ಕೂರಿಸಿಕೊಂಡು ನನಗೆ ಅಕ್ಷರ ಕಲಿಸಿದ ಭುಜಂಗಯ್ಯನವರು. ಪದ್ಯಕ್ಕೆ ಅರ್ಥ ಹೇಳುತ್ತಾರೆ, ಕೇಳಿ."

ನಡುಗುವ ದನಿಯಲ್ಲಿ ರಾಗ ಎಳೆದ:

"ತುಂಬಿ ಬಂದಿತು ಕೊಳದಂಚಿಗೆ,
ತಾವರೆ ತೆರೆಯಿತು ಬಾಗಿಲು;
ಹಾಡುತ ಹಾಡುತ ಒಳಹೊಕ್ಕಿತು,
ಹೊಕ್ಕ ಮೇಲೆ ಮಾತಿಲ್ಲ."

ಆಮೇಲೆ ಗಂಟಲು ಸರಿಮಾಡಿಕೊಂಡು, ಬೆರಳೆತ್ತಿ ಹೇಳಿದ: "ಮಕ್ಕಳೇ, ಮಳೆ ಬಂತು. ನೀರು ತುಂಬಿಕೊಂಡು ಕೊಳದ ಅಂಚಿಗೆ ಬಂತು. ತಾವರೆ ಬಾಗಿಲು ತೆರೆಯಿತು. ನೀರು ಜುಳುಜುಳು ಹಾಡುತ್ತಾ ಒಳಗೆ ಹೋಯಿತು!"

ಶಿಷ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ತುಂಬಿ ಎಂದರೆ ಅಲ್ಲಿ ದುಂಬಿ ಎಂದು ಅವರಿಗೆಲ್ಲ ಗೊತ್ತಿತ್ತು. ಪಡಸಾಲೆಯಲ್ಲಿ ಕೂತಿದ್ದ ಗುರುಗಳಿಗೂ ನಗು ತಡೆಯಲಾಗಲಿಲ್ಲ.

ನಕ್ಕು ಕಣ್ಣೊರೆಸಿಕೊಂಡು ಅವರು ಕೇಳಿದರು: "ಈಗ ಎಲ್ಲಿದ್ದಾರೆ ಅವರು?"

"ಆಚೆ ದಡದ ಊರಿನಲ್ಲೇ ಇದ್ದಾರೆ, ಗುರುಗಳೇ. ಅವರ ಕೈಯಲ್ಲಿ ನನ್ನ ಬಾಲ್ಯವೆಲ್ಲ ದಂಡವಾಯಿತು."

"ನಾಳೆ ಹೋಗಿ ಕರೆದುಕೊಂಡು ಬಾ. ಇಷ್ಟು ಒಳ್ಳೆಯ ನಗು. ಅವರಿಗೂ ಒಂದು ಪಾಲು ಸಿಗಲಿ."

ಕೇದಾರನ ಮುಖ ಇಳಿದುಹೋಯಿತು.

ಮರುದಿನ ಅವನು ಹರಿಗೋಲಿನಲ್ಲಿ ಹೊಳೆ ದಾಟಿದ. ಐಗಳು ಮನೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವನನ್ನು ಕಂಡದ್ದೇ ತಡ, ಮಡಿಲಿನ ಕಾಳೆಲ್ಲ ಚೆಲ್ಲಿಕೊಂಡು ಎದ್ದರು.

"ಕೇದಾರಪ್ಪಾ! ಬಾರಪ್ಪಾ ಬಾ! ಎಷ್ಟು ಬೆಳೆದುಬಿಟ್ಟಿದ್ದೀಯೋ!"

"ಗುರುಗಳು ನಿಮ್ಮನ್ನು ಕರೆದುಕೊಂಡು ಬಾ ಅಂದರು, ಐಗಳೇ."

"ನನ್ನನ್ನಾ?" ಐಗಳು ಹೆಗಲ ಮೇಲೊಂದು ವಸ್ತ್ರ ಹಾಕಿಕೊಂಡು ಆಗಲೇ ಬೀದಿಗಿಳಿದಿದ್ದರು.

ಹರಿಗೋಲಿನಲ್ಲಿ ಕೂತ ಮೇಲೆ ಅವರಿಗೆ ಸಂದೇಹ ಬಂತು. "ಅಷ್ಟು ದೊಡ್ಡವರಿಗೆ ನಾನು ಯಾರೆಂದು ಹೇಗೆ ಗೊತ್ತಪ್ಪಾ?"

"ನಾನೇ ಹೇಳಿದ್ದೆ. ತಾವರೆಯ ಪದ್ಯ... ನೀವು ಹೇಳಿಕೊಡುತ್ತಿದ್ದ ಅರ್ಥ..."

"ಇನ್ನೂ ನೆನಪಿಟ್ಟುಕೊಂಡಿದ್ದೀಯಾ!" ಐಗಳ ಬೊಚ್ಚುಬಾಯಿ ಅರಳಿತು. ಹುಟ್ಟು ಹಾಕುತ್ತಿದ್ದ ಅಂಬಿಗನ ತೋಳು ಹಿಡಿದು, "ಕೇಳಿದೆಯಾ? ಎಲ್ಲರೆದುರು ನನ್ನ ಹೆಸರು ಹೇಳಿದ್ದಾನಂತೆ," ಎಂದರು.

ಕೇದಾರ ನೀರಿನ ಕಡೆ ಮುಖ ತಿರುಗಿಸಿಕೊಂಡ. ಹೊಳೆ ಇನ್ನಷ್ಟು ಅಗಲವಾಗಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

ಗುರುಗಳು ದಡಕ್ಕೇ ಬಂದು ಐಗಳ ಕೈ ಹಿಡಿದು ಇಳಿಸಿಕೊಂಡರು. ತಮ್ಮ ಪಕ್ಕದಲ್ಲಿ ಚಾಪೆ ಹಾಸಿ ಕೂರಿಸಿದರು. ಮಜ್ಜಿಗೆ ಬಂತು. ಶಿಷ್ಯರೆಲ್ಲ ಸುತ್ತ ಸೇರಿದರು.

"ಐಗಳೇ, ಈ ಕೇದಾರ ನಿಮ್ಮ ಹಾಗೆಯೇ ಮಾಡಿ ತೋರಿಸಿ ನಿನ್ನೆ ನಮ್ಮನ್ನೆಲ್ಲ ನಗಿಸಿದ. ನೋಡುತ್ತೀರಾ?"

ಕೇದಾರ ಹಿಂದೆ ಸರಿದ. "ಗುರುಗಳೇ, ಬೇಡ..."

"ಮಾಡೋ, ಮಾಡೋ!" ಐಗಳು ಮಜ್ಜಿಗೆ ಲೋಟ ಕೆಳಗಿಟ್ಟು ನೆಟ್ಟಗೆ ಕೂತರು. "ನಾನು ಹೇಗಿದ್ದೇನೆಂದು ನನಗೂ ತಿಳಿಯಲಿ."

ಬೇರೆ ದಾರಿಯಿರಲಿಲ್ಲ. ಕೇದಾರ ಬೆನ್ನು ಬಾಗಿಸಿದ. ತುಟಿ ಒಳಗೆಳೆದುಕೊಂಡ. ಹೇಗೋ ಪದ್ಯ ಮುಗಿಸಿದ, ಅರ್ಥ ಹೇಳಿದ. ಈ ಸಲ ಯಾರೂ ನಗಲಿಲ್ಲ. ನಕ್ಕವರು ಐಗಳೊಬ್ಬರೇ.

"ಭಲೇ! ಆದರೆ 'ಬಾಗಿಲು' ಆದ ಮೇಲೆ ನಾನು ಒಂದು ಸಲ ಕೆಮ್ಮುತ್ತೇನೆ. ಅದನ್ನು ಬಿಟ್ಟುಬಿಟ್ಟೆ," ಎಂದರು. ಆಮೇಲೆ ಸುತ್ತ ನೋಡಿದರು. ಶಿಷ್ಯರೆಲ್ಲ ತಲೆ ತಗ್ಗಿಸಿದ್ದರು.

"ಯಾಕ್ರಪ್ಪಾ, ಯಾರೂ ನಗುತ್ತಿಲ್ಲ?"

ಐಗಳು ಕೇದಾರನ ಕಡೆ ತಿರುಗಿದರು.

"ಕೇದಾರಪ್ಪಾ, ನಿಜ ಹೇಳು. ನಿನ್ನೆ ನೀವೆಲ್ಲ ನಕ್ಕದ್ದು ನನ್ನ ದನಿಗಲ್ಲ, ಅಲ್ಲವಾ? ಅರ್ಥಕ್ಕೆ."

ಕೇದಾರನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. "ಹೌದು ಐಗಳೇ," ಎಂದ. "ಅರ್ಥ... ಸರಿಯಿಲ್ಲ."

ಐಗಳು ಲೋಟ ಎತ್ತಿ ಉಳಿದ ಮಜ್ಜಿಗೆ ಕುಡಿದರು.

"ಸರಿ. ಅನುಮಾನದ ಮಾತು ಸಿಕ್ಕಿದರೆ ಏನು ಮಾಡಬೇಕು?" ಐಗಳು ಇದ್ದಕ್ಕಿದ್ದಂತೆ ಕೇಳಿದರು, ಜಗಲಿಯ ಮೇಲೆ ಕೇಳುತ್ತಿದ್ದ ಹಾಗೆಯೇ.

ಕೇದಾರನ ಬಾಯಿಂದ ತಾನಾಗಿ ಬಂತು: "ಪಕ್ಕದ ಮಾತನ್ನು ಕೇಳಬೇಕು, ಐಗಳೇ."

ಹೇಳಿದವನೇ ಅವನು ಬೆರಗಾಗಿ ನಿಂತ. ತಾನು ಇಷ್ಟು ದಿನ ಕಂಡವರ ತಪ್ಪನ್ನೆಲ್ಲ ಹಿಡಿದದ್ದು ಇದೇ ಉಪಾಯದಿಂದ. ಇದು ಎಲ್ಲಿಂದ ಬಂತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಕೇಳೋಣ ಹಾಗಾದರೆ," ಎಂದರು ಐಗಳು. ಕಣ್ಣು ಮುಚ್ಚಿಕೊಂಡು, ಎದುರಿಗೆ ಯಾರೋ ನಿಂತಿರುವಂತೆ ಮಾತಾಡಿಸಿದರು: "ತಾವರೆಯವ್ವಾ, ನೀರಿನಲ್ಲೇ ಹುಟ್ಟಿ ನೀರಿನಲ್ಲೇ ನಿಂತವಳು ನೀನು. ಮತ್ತೆ ನೀರಿಗೆ ಬಾಗಿಲು ತೆರೆದೆಯಾ?"

ತಾವೇ ತಲೆಯಾಡಿಸಿದರು. "ಇಲ್ಲವಂತೆ. ಹೊರಗಿನವರು ಯಾರೋ ಬಂದರಂತೆ. ಹಾಡುತ್ತಾ ಬಂದರಂತೆ. ಒಳಹೊಕ್ಕ ಮೇಲೆ ಸುಮ್ಮನಾದರಂತೆ..."

ಅವರ ಬೆರಳು ಗಾಳಿಯಲ್ಲಿ ಸುತ್ತತೊಡಗಿತು. ಗಂಟಲಿನಿಂದ ಸಣ್ಣಗೆ ಒಂದು ಝೇಂಕಾರ ಹೊರಟಿತು. ಸುತ್ತಿ ಸುತ್ತಿ ಬಂದ ಬೆರಳು ಇನ್ನೊಂದು ಅಂಗೈಯ ಮೇಲೆ ಇಳಿಯಿತು. ಝೇಂಕಾರ ನಿಂತಿತು.

ಐಗಳು ಕಣ್ಣು ಬಿಟ್ಟರು.

"ದುಂಬಿ!" ಎಂದು ಕೂಗಿದರು. "ತುಂಬಿ ಅಂದರೆ ದುಂಬಿ ಕಣೋ ಕೇದಾರಪ್ಪಾ! ಅಯ್ಯಯ್ಯೋ, ಎಂಥ ಚೆಂದದ ಪದ್ಯವೋ ಇದು!"

ತೊಡೆ ತಟ್ಟಿಕೊಂಡು ನಕ್ಕರು. ನಗುತ್ತಾ ಎದ್ದು ನಿಂತರು. "ಜನ್ಮವಿಡೀ ಬಡಪಾಯಿ ತಾವರೆಯನ್ನು ನೀರು ಕುಡಿಸಿ ಮುಳುಗಿಸಿಬಿಟ್ಟಿದ್ದೆನಲ್ಲೋ!" ಎನ್ನುತ್ತಾ ಎರಡು ಹೆಜ್ಜೆ ಕುಣಿದೇಬಿಟ್ಟರು. ಅವರ ನಗು ಒಬ್ಬೊಬ್ಬರಿಗೇ ಅಂಟಿತು. ಶಿಷ್ಯರು ನಕ್ಕರು, ಗುರುಗಳು ನಕ್ಕರು. ಕೇದಾರ ನಗುತ್ತಾ ನಗುತ್ತಾ ಅತ್ತುಬಿಟ್ಟ.

"ತಪ್ಪಾಯಿತು, ಐಗಳೇ. ನಿಮ್ಮನ್ನು ಆಡಿಕೊಂಡು ನಕ್ಕಿದ್ದೆ."

"ನಗದೆ ಇನ್ನೇನು ಮಾಡುತ್ತೀಯಾ? ನಗುವಂತೆಯೇ ಇತ್ತಲ್ಲ!" ಐಗಳು ಅವನ ಬೆನ್ನು ಸವರಿದರು. "ಮೊದಲೇ ಬಂದು ಹೇಳಬಾರದಾಗಿತ್ತೇನೋ? ಇಷ್ಟು ದಿನ ಈ ದುಂಬಿಯಿಲ್ಲದೆ ಬದುಕಿದೆನಲ್ಲ."

ಊಟಕ್ಕೆ ನಿಲ್ಲಿ ಎಂದರೂ ಅವರು ನಿಲ್ಲಲಿಲ್ಲ. "ಆಗುವುದಿಲ್ಲ ಸ್ವಾಮಿ. ಊರ ತುಂಬಾ ನನ್ನ ಶಿಷ್ಯರಿದ್ದಾರೆ. ಅವರ ತಲೆಯಲ್ಲಿ ಇನ್ನೂ ನೀರೇ ತುಂಬಿದೆ. ಮನೆಮನೆಗೂ ಹೋಗಿ ದುಂಬಿ ಬಿಟ್ಟು ಬರಬೇಕು," ಎಂದು ಹೊಳೆಯ ಕಡೆ ನಡೆದೇಬಿಟ್ಟರು.

ಅವರನ್ನು ಹರಿಗೋಲಿಗೆ ಹತ್ತಿಸಿ ಕೇದಾರನೂ ಹತ್ತಿ ಕೂತ. ಕಳಿಸಲು ದಡಕ್ಕೆ ಬಂದಿದ್ದ ಗುರುಗಳಿಗೆ ಕೂತಲ್ಲಿಂದಲೇ ಕೈಮುಗಿದ.

"ಅಪ್ಪಣೆ ಕೊಡಿ, ಗುರುಗಳೇ. ಕೆಲವು ದಿನ ಐಗಳ ಜೊತೆ ಇದ್ದು ಬರುತ್ತೇನೆ. ಇನ್ನೊಬ್ಬರ ತಪ್ಪು ಹುಡುಕುವುದು ನನಗೆ ಬರುತ್ತದೆ. ನನ್ನ ತಪ್ಪು ಸಿಕ್ಕಾಗ ಹೀಗೆ ಕುಣಿಯುವುದು ಬರುವುದಿಲ್ಲ."

ಗುರುಗಳು ಪಂಚೆ ಎತ್ತಿ ಕಟ್ಟಿಕೊಂಡು ನೀರಿಗಿಳಿದರು. ಹರಿಗೋಲಿನ ಅಂಚು ಹಿಡಿದು ಒಂದು ಕಾಲು ಒಳಗಿಟ್ಟರು.

"ಸ್ವಲ್ಪ ಸರಿದು ಕೂತುಕೋ," ಎಂದರು. "ನನಗೂ ಬರುವುದಿಲ್ಲ."